ಸಾವಿರ ಜನಕ್ಕೆ ಅಡುಗೆ, ನನಗೆ ಆರು ಚಮಚ

ನಾನು ಅಡುಗೆಯವನು. ಸಾಗರದ ಸುತ್ತಮುತ್ತ ಮದುವೆ, ಉಪನಯನ, ಗೃಹಪ್ರವೇಶದ ಅಡುಗೆ ಮಾಡಿಕೊಂಡು ಇಪ್ಪತ್ತನಾಲ್ಕು ವರ್ಷವಾಯಿತು. ನೂರು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಕಾಯಿ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ನನ್ನ ಒಬ್ಬನ ಹೊಟ್ಟೆಗೆ ಎಷ್ಟು ಬೇಕು ಎನ್ನುವ ಲೆಕ್ಕ ಮಾತ್ರ ನಲವತ್ತೈದು ವರ್ಷ ಆಗುವವರೆಗೂ ಗೊತ್ತಿರಲಿಲ್ಲ.

2022ರ ಶುರುವಿನಲ್ಲಿ ನನ್ನ ತೂಕ 126 ಕಿಲೋ. ಎತ್ತರ ಐದು ಅಡಿ ಆರು ಇಂಚು. ಮನೆಯಲ್ಲಿದ್ದ ತೂಕದ ಮೆಷಿನ್ 120 ದಾಟಿದರೆ ಸಂಖ್ಯೆಯನ್ನೇ ತೋರಿಸುತ್ತಿರಲಿಲ್ಲ. ದಿನಸಿ ತರುವ ಅಂಗಡಿಯಲ್ಲಿ, ಅಂಗಡಿಯವರು ಒಳಗೆ ಹೋಗಿದ್ದಾಗ, ಅಕ್ಕಿ ಮೂಟೆ ತೂಗುವ ಮೆಷಿನ್ ಮೇಲೆ ನಿಂತು ನೋಡಿದ್ದೆ. ಶುಗರ್ ಬಂದು ಒಂಬತ್ತು ವರ್ಷವಾಗಿತ್ತು, ದಿನಕ್ಕೆರಡು ಸಲ ಇನ್ಸುಲಿನ್. ಬಿಪಿಗೆ ಮಾತ್ರೆ. ಮಂಡಿ ನೋವಿಗೆ ವಾರದಲ್ಲಿ ನಾಲ್ಕು ದಿನ ನೋವಿನ ಮಾತ್ರೆ. ರಾತ್ರಿ ಗೊರಕೆ ಹೊಡೆಯುತ್ತಾ ಮಧ್ಯೆ ಮಧ್ಯೆ ಉಸಿರೇ ನಿಂತು ಹೋಗುತ್ತಿತ್ತಂತೆ. ನನ್ನ ಹೆಂಡತಿ ಎದ್ದು ಕೂತು, ಮತ್ತೆ ಉಸಿರು ಬರುವವರೆಗೆ ನನ್ನ ಎದೆ ಮೇಲೆ ಕೈ ಇಟ್ಟುಕೊಂಡಿರುತ್ತಿದ್ದಳು. ಈ ವಿಷಯ ಅವಳು ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ಅಡುಗೆಯವನು ದಪ್ಪ ಇದ್ದಾನೆ ಅಂದರೆ ಎಲ್ಲರೂ ಒಂದೇ ಮಾತು ಹೇಳುತ್ತಾರೆ, ಮಾಡಿದ್ದನ್ನೆಲ್ಲಾ ತಿಂತಾನೆ ಅಂತ. ನಿಜ ಬೇರೆ. ನಮ್ಮ ಕೆಲಸ ಶುರುವಾಗುವುದು ರಾತ್ರಿ ಎರಡು ಗಂಟೆಗೆ. ಬೆಳಗಿನ ತಿಂಡಿ ಮುಗಿಯುವಷ್ಟರಲ್ಲಿ ಏಳೆಂಟು ಲೋಟ ಕಾಫಿ ಆಗಿರುತ್ತದೆ, ಎಲ್ಲವೂ ಸಕ್ಕರೆ ಹಾಕಿದ್ದು. ಕೊನೇ ಪಂಕ್ತಿ ಎದ್ದ ಮೇಲೆ ನಮ್ಮ ಊಟ, ಅಂದರೆ ಸಂಜೆ ನಾಲ್ಕು. ಅಷ್ಟು ಹೊತ್ತಿಗೆ ಹಸಿವು ಸತ್ತು ಹೋಗಿ ಮತ್ತೆ ಕೆಟ್ಟದಾಗಿ ಎದ್ದಿರುತ್ತದೆ. ಆಗ ತಿಂದದ್ದು ತಿಂದದ್ದೇ. ನಡುವೆ ಬಾಯಿಗೆ ಕವಳ, ಅಂದರೆ ಎಲೆ ಅಡಿಕೆ, ಹೊಗೆಸೊಪ್ಪು ಹಾಕಿದ್ದು. ಹೀಗೆ ಇಪ್ಪತ್ತು ವರ್ಷ.

ಆ ವರ್ಷ ಮಾಘದಲ್ಲಿ ಒಂದು ಮದುವೆ ಮನೆ. ಬಾಣಲೆ ಮುಂದೆ ನಿಂತು ಬೋಂಡ ಕರಿಯುತ್ತಿದ್ದೆ. ನಿಂತಲ್ಲೇ ಕಣ್ಣು ಮುಚ್ಚಿತು. ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಗೆ ಬಿತ್ತು, ನಾನು ಮುಂದಕ್ಕೆ ವಾಲಿದೆ. ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ಹುಡುಗ "ಭಟ್ರೇ!" ಎಂದು ಕೂಗಿ ನನ್ನ ಪಂಚೆಯನ್ನು ಹಿಡಿದು ಹಿಂದಕ್ಕೆ ಎಳೆದ. ಎಣ್ಣೆ ಸಿಡಿದು ಅವನ ಮೊಣಕೈ ಸುಟ್ಟಿತು. ನನಗೆ ಏನೂ ಆಗಲಿಲ್ಲ. ಅವನಿಗೆ ಹತ್ತೊಂಬತ್ತು ವರ್ಷ. ಆ ಕಲೆ ಇನ್ನೂ ಇದೆ. ಅದನ್ನು ನೋಡಿದಾಗಲೆಲ್ಲಾ ನನಗೆ ಹೊಟ್ಟೆ ತೊಳಸುತ್ತದೆ.

ಶಿವಮೊಗ್ಗದಲ್ಲಿ ನಿದ್ದೆಯ ಪರೀಕ್ಷೆ ಮಾಡಿಸಿದಾಗ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ, ಜೋರಾಗಿಯೇ ಇದೆ ಎಂದರು. ಅಲ್ಲಿಂದ ತೂಕ ಇಳಿಸುವ ಆಪರೇಷನ್ ಮಾಡುವ ಬೆಂಗಳೂರಿನ ಒಬ್ಬ ಸರ್ಜನ್ ಹತ್ತಿರ ಕಳಿಸಿದರು. ನನಗೆ ಮೊದಲಿಗೆ ನಾಚಿಕೆ. ಡಯಟ್ ಮಾಡಿ ಇಳಿಸಲಾಗದವನು ಹೊಟ್ಟೆ ಕೊಯ್ಸಿಕೊಳ್ಳುವುದಾ ಅಂತ. ನಾನು ಡಯಟ್ ಮಾಡದೇ ಇದ್ದವನಲ್ಲ. ಒಮ್ಮೆ 14 ಕಿಲೋ, ಇನ್ನೊಮ್ಮೆ 18 ಕಿಲೋ ಇಳಿಸಿದ್ದೆ. ಎರಡು ಸಲವೂ ಇಳಿದದ್ದಕ್ಕಿಂತ ಜಾಸ್ತಿ ವಾಪಸ್ ಬಂತು. ಡಾಕ್ಟರು ಅದನ್ನು ಕೇಳಿ ತಪ್ಪು ಹುಡುಕಲಿಲ್ಲ. ತೂಕ ಇಳಿದರೆ ದೇಹವೇ ಹಸಿವನ್ನು ಜಾಸ್ತಿ ಮಾಡಿ ಕಳೆದದ್ದನ್ನು ವಾಪಸ್ ಕೇಳುತ್ತದೆ, ಅದು ನಿಮ್ಮ ಗುಣದ ವಿಷಯವಲ್ಲ ಎಂದರು. ಆ ಮಾತು ಕೇಳಿ ಹೊರಗೆ ಬಂದು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಎರಡು ದಾರಿ ಹೇಳಿದರು. ಒಂದು ಸ್ಲೀವ್. ಜಠರದ ಮುಕ್ಕಾಲು ಭಾಗಕ್ಕೂ ಜಾಸ್ತಿ ಕತ್ತರಿಸಿ ತೆಗೆದು, ಬಾಳೆಹಣ್ಣಿನ ಹಾಗೆ ಒಂದು ಕೊಳವೆ ಉಳಿಸುತ್ತಾರೆ. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಒಂದು ಸಣ್ಣ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ತಿಂದದ್ದು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದೆ ಹೋಗುತ್ತದೆ. ನನಗೆ ಹುಳಿತೇಗು ಬಹಳ, ಶುಗರ್ ಹಳೆಯದು. ಸ್ಲೀವ್ ಆದ ಮೇಲೆ ಹುಳಿತೇಗು ಕೆಲವರಿಗೆ ಜಾಸ್ತಿಯಾಗುತ್ತದೆ, ಹಾಗಾಗಿ ಬೈಪಾಸ್ ಒಳ್ಳೆಯದು ಎಂದರು. ಇದೇನೋ ಹೊಸ ಪ್ರಯೋಗ ಎಂದು ಹೆಂಡತಿ ಹೆದರಿದ್ದಳು. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲೇ ಇದನ್ನು ಶುರುಮಾಡಿದ್ದು, ಆಗ ಹೊಟ್ಟೆ ಪೂರ್ತಿ ತೆರೆಯುತ್ತಿದ್ದರು, ಈಗ ಐದು ಸಣ್ಣ ತೂತು ಸಾಕು ಎಂದು ಡಾಕ್ಟರು ಅವಳಿಗೆ ಚಿತ್ರ ಬರೆದು ತೋರಿಸಿದರು. ಆ ಕಾಗದ ಇನ್ನೂ ಅವಳ ಹತ್ತಿರ ಇದೆ.

ಇನ್ಶೂರೆನ್ಸ್ ಕಂಪನಿ ಮೊದಲು ಇಲ್ಲ ಎಂದಿತು. ಚಂದ ಕಾಣಲು ಮಾಡಿಸುವ ಆಪರೇಷನ್ ಎಂದು ಬರೆದು ಕಳಿಸಿದ್ದರು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ದಾಟಿದ್ದರೆ, ಅಥವಾ 35 ದಾಟಿ ಜೊತೆಗೆ ಶುಗರ್, ಸ್ಲೀಪ್ ಆಪ್ನಿಯಾದಂಥ ತೊಂದರೆ ಇದ್ದರೆ ಇದನ್ನು ಚಿಕಿತ್ಸೆ ಎಂದೇ ಲೆಕ್ಕ ಹಿಡಿಯುತ್ತಾರೆ. ನನ್ನದು 44ರ ಮೇಲಿತ್ತು. ಪಾಲಿಸಿಯ ಕಾಯುವ ಅವಧಿಯೂ ಮುಗಿದಿತ್ತು. ಹಳೆಯ ಶುಗರ್ ರಿಪೋರ್ಟು, ನಿದ್ದೆಯ ರಿಪೋರ್ಟು ಎಲ್ಲಾ ಸೇರಿಸಿ ಮತ್ತೆ ಕಳಿಸಿದ ಮೇಲೆ ಒಪ್ಪಿದರು. ಯಾರಾದರೂ ಈ ದಾರಿ ಹಿಡಿಯುವವರಿದ್ದರೆ ಒಂದು ಮಾತು: ಹಳೆಯ ರಿಪೋರ್ಟು ಒಂದನ್ನೂ ಬಿಸಾಡಬೇಡಿ.

ಆಷಾಢದಲ್ಲಿ ಮದುವೆ ಇರುವುದಿಲ್ಲ, ಅಲ್ವಾ? ನನ್ನ ಕೆಲಸಕ್ಕೆ ಅದೇ ರಜೆ. ಹಾಗಾಗಿ 2022ರ ಜುಲೈಗೆ ದಿನ ಹಿಡಿದೆ. ಎರಡು ತಿಂಗಳು ಮೊದಲೇ ಹೊಗೆಸೊಪ್ಪು ಬಿಡಬೇಕಾಯಿತು. ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ ಎಂದು ಕಡ್ಡಾಯ ಹೇಳಿದ್ದರು. ಇಡೀ ಪ್ರಯಾಣದಲ್ಲಿ ನನಗೆ ಅತಿ ಕಷ್ಟವಾದದ್ದು ಇದೇ, ಆಪರೇಷನ್ ಅಲ್ಲ. ಕೈ ತಾನಾಗಿ ಸೊಂಟದ ಸಂಚಿಗೆ ಹೋಗುತ್ತಿತ್ತು. ಅದರಲ್ಲಿ ಲವಂಗ ತುಂಬಿಸಿಕೊಂಡೆ. ಕೊನೆಯ ಎರಡು ವಾರ ಬರೀ ದ್ರವ ಆಹಾರ. ದಪ್ಪ ಇರುವವರ ಲಿವರ್ ಊದಿಕೊಂಡು ಜಠರವನ್ನು ಮುಚ್ಚಿರುತ್ತದಂತೆ, ಅದು ಕುಗ್ಗಿದರೆ ಸರ್ಜನ್‌ಗೆ ಜಾಗ ಸಿಗುತ್ತದೆ. ಆ ಎರಡು ವಾರದಲ್ಲೇ ಐದು ಕಿಲೋ ಇಳಿಯಿತು.

ಆಪರೇಷನ್ ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅದೇ ಸಂಜೆ ಎಬ್ಬಿಸಿ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ. ಮೂರು ಚೆಂಡಿನ ಡಬ್ಬಿ ಕೊಟ್ಟು ಉಸಿರೆಳೆದು ಚೆಂಡು ಏರಿಸಲು ಹೇಳಿದರು. ಭುಜದಲ್ಲಿ ನೋವು, ಅದು ಹೊಟ್ಟೆಗೆ ತುಂಬಿಸಿದ ಗ್ಯಾಸಿನದು. ಆಶ್ಚರ್ಯವಾದದ್ದು ಶುಗರ್. ತೂಕ ಇನ್ನೂ ಹಾಗೇ ಇತ್ತು, ಆದರೆ ನಾಲ್ಕನೇ ದಿನ ಡಿಸ್ಚಾರ್ಜ್ ಆಗುವಾಗ ಇನ್ಸುಲಿನ್ ನಿಲ್ಲಿಸಿ ಕಳಿಸಿದರು. ಕರುಳಿನ ದಾರಿ ಬದಲಾದರೆ ಕರುಳಿನ ಹಾರ್ಮೋನುಗಳೇ ಬದಲಾಗುತ್ತವಂತೆ.

ಮೊದಲ ಎರಡು ವಾರ ನನ್ನ ಊಟ ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ. ಕಾಲು ಗಂಟೆಗೊಮ್ಮೆ 30 ಎಂಎಲ್, ಗುಟುಕು ಗುಟುಕಾಗಿ. ಆಸ್ಪತ್ರೆಯ ಪಟ್ಟಿಯಲ್ಲಿ ಚಿಕನ್ ಸೂಪು, ಮೊಟ್ಟೆಯ ಬಿಳಿ ಇತ್ತು. ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ನನ್ನ ಪಟ್ಟಿ ನಾನೇ ಮಾಡಿ ಡಯಟಿಷಿಯನ್‌ಗೆ ತೋರಿಸಿದೆ. ಹೆಸರುಕಾಳು ಬೇಯಿಸಿ ಬಸಿದ ಕಟ್ಟು, ಉಪ್ಪು ಮಾತ್ರ ಹಾಕಿದ್ದು. ಕೆನೆ ತೆಗೆದ ಹಾಲಿಗೆ ವೇ ಪ್ರೋಟೀನ್ ಪುಡಿ. ಒಂದೆಲಗದ ತಂಬುಳಿ, ಮೆಣಸಿಲ್ಲದೆ, ಬಟ್ಟೆಯಲ್ಲಿ ಸೋಸಿದ್ದು. ಹನ್ನೊಂದನೇ ದಿನ ಆ ತಂಬುಳಿ ನಾಲಿಗೆಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ಅಷ್ಟು ರುಚಿ.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಮಾತು. ಮೂರನೇ ವಾರ ಒಂದು ಬೆಳಿಗ್ಗೆ ಎದ್ದು ಜಗಲಿಯಲ್ಲಿ ಕೂತಿದ್ದೆ. ಮಳೆ ಹೊಯ್ಯುತ್ತಿತ್ತು. ಏನೋ ಒಂದು ಇಲ್ಲ ಅನ್ನಿಸಿತು. ಏನು ಅಂತ ತುಂಬ ಹೊತ್ತು ಗೊತ್ತಾಗಲಿಲ್ಲ. ಆಮೇಲೆ ಹೊಳೆಯಿತು, ತಲೆಯೊಳಗೆ ಊಟದ ಯೋಚನೆ ಇಲ್ಲ. ತಿಂಡಿ ತಿನ್ನುವಾಗಲೇ ಮಧ್ಯಾಹ್ನದ್ದು, ಮಧ್ಯಾಹ್ನ ಕೂತಾಗ ಸಂಜೆಯದ್ದು, ಹೀಗೆ ಇಪ್ಪತ್ತು ವರ್ಷ ಒಂದೇ ಸಮನೆ ಓಡುತ್ತಿದ್ದ ಸದ್ದು ನಿಂತಿತ್ತು. ತೆಳ್ಳಗಿರುವವರು ಹೀಗೇ ಬದುಕುತ್ತಾರಾ, ಇಷ್ಟು ನಿಶ್ಶಬ್ದವಾಗಿ? ಅವರು ಮನಸ್ಸು ಗಟ್ಟಿ ಮಾಡಿಕೊಂಡು ತಡೆಯುತ್ತಿದ್ದಾರೆ, ನನಗೆ ಆ ಗಟ್ಟಿತನ ಇಲ್ಲ ಎಂದು ನಂಬಿದ್ದೆ. ಅವರಿಗೆ ತಡೆಯುವಂಥದ್ದೇ ಅಷ್ಟು ಇರಲಿಲ್ಲ. ನನ್ನ ಮೇಲೆ ನಾನೇ ಎಷ್ಟು ವರ್ಷ ಸಿಟ್ಟು ಮಾಡಿಕೊಂಡಿದ್ದೆ!

ಹಾಗಂತ ಎಲ್ಲಾ ಸಲೀಸಾಗಲಿಲ್ಲ. ಒಂದೂವರೆ ತಿಂಗಳಿಗೆ ಅಡುಗೆಮನೆಗೆ ಹೋದರೆ ಇಂಗಿನ ಒಗ್ಗರಣೆ ವಾಸನೆಗೆ ವಾಕರಿಕೆ ಬಂತು. ನಾನು ಹೆದರಿದ್ದು ಆವತ್ತು. ನೈವೇದ್ಯಕ್ಕೆ ಮೊದಲು ನಮ್ಮಲ್ಲಿ ರುಚಿ ನೋಡುವುದಿಲ್ಲ. ಹುಳಿಗೆ ಉಪ್ಪು ಹಿಡಿದಿದೆಯೋ ಇಲ್ಲವೋ ಎಂದು ಕೊಪ್ಪರಿಗೆಯ ಆವಿಯಲ್ಲೇ ಹೇಳಬೇಕು. ಮೂಗು ಹೋದರೆ ನನ್ನ ಅನ್ನವೇ ಹೋದಂತೆ. ದಿನಾ ಸಂಜೆ ಹೆಂಡತಿ ಒಂದೊಂದು ಸಾಮಾನು ಮೂಗಿಗೆ ಹಿಡಿಯುತ್ತಿದ್ದಳು. "ಇದು ಹೇಳಿ ನೋಡೋಣ, ರೀ." ಕೊತ್ತಂಬರಿ ಬೀಜ, ಮೆಂತೆ, ಜೀರಿಗೆ. ಕಾರ್ತಿಕದ ಹೊತ್ತಿಗೆ ಎಲ್ಲಾ ವಾಪಸ್ ಬಂತು, ಮೊದಲಿಗಿಂತ ಚುರುಕಾಗಿ.

ನಾಲ್ಕನೇ ತಿಂಗಳಿಗೆ ಕೂದಲು ಉದುರಿತು, ಬಾಚಿದರೆ ಹಿಡಿ ಹಿಡಿ. ತೂಕ ಬೇಗ ಇಳಿದಾಗ ಹೀಗಾಗುತ್ತದೆ, ಮತ್ತೆ ಬರುತ್ತದೆ ಎಂದರು, ಬಂತು. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಸಸ್ಯಾಹಾರಿಗೆ ಅದು ಸುಲಭವಲ್ಲ. ನೂರು ಗ್ರಾಂ ಪನೀರ್‌ನಲ್ಲಿ ಸಿಗುವುದೇ ಸುಮಾರು 18 ಗ್ರಾಂ, ಅಷ್ಟು ಪನೀರ್ ಒಂದೇ ಸಲಕ್ಕೆ ನನಗೆ ಇಳಿಯುತ್ತಿರಲಿಲ್ಲ. ಪನೀರ್ ಪುಡಿ ಮಾಡಿ ಗಟ್ಟಿ ಮೊಸರಿಗೆ ಕಲಸಿ, ದಿನಕ್ಕೆ ಐದು ಸಲ ಹಂಚಿ ತಿಂದೆ. ತಟ್ಟೆಯಲ್ಲಿ ಮೊದಲು ಕಾಳು, ಪನೀರ್, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಊಟದ ಜೊತೆ ನೀರಿಲ್ಲ, ಊಟವಾಗಿ ಅರ್ಧ ಗಂಟೆ ಆಗಬೇಕು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಬಿಡಬೇಕು. ಬಿ12 ಇಂಜೆಕ್ಷನ್ ಇದೆ. ಇದೆಲ್ಲಾ ಜೀವನಪೂರ್ತಿ. ಮಂಡಿಗೆ ತೆಗೆದುಕೊಳ್ಳುತ್ತಿದ್ದ ಐಬುಪ್ರೊಫೆನ್, ಡೈಕ್ಲೊಫಿನಾಕ್ ಇನ್ನು ನನಗೆ ನಿಷಿದ್ಧ. ಪ್ಯಾರಾಸಿಟಮಾಲ್ ಮಾತ್ರ. ಮೆಡಿಕಲ್ ಶಾಪಿನಲ್ಲಿ ಏನೇ ಕೊಟ್ಟರೂ ಮಾತ್ರೆಯ ಪಟ್ಟಿಯ ಹಿಂದೆ ಬರೆದದ್ದು ಓದಿಯೇ ತರುತ್ತೇನೆ.

ಐದನೇ ತಿಂಗಳು, ಡಿಸೆಂಬರ್. ಒಂದು ಗೃಹಪ್ರವೇಶ. ನಾನೇ ಮಾಡಿಸಿದ ಕಾಯಿ ಹೋಳಿಗೆ. ಮನೆಯ ಯಜಮಾನರು ಸ್ವತಃ ಬಂದು, "ನಿಮ್ಮ ಕೈಯದ್ದು ನೀವೇ ತಿನ್ನದಿದ್ದರೆ ಹೇಗೆ ಭಟ್ರೇ" ಎಂದು ಎಲೆಗೆ ಹಾಕಿ ತುಪ್ಪ ಬಿಟ್ಟರು. ಅರ್ಧ ತಿಂದೆ. ಇಪ್ಪತ್ತು ನಿಮಿಷಕ್ಕೆ ಎದೆ ಡವಡವ ಅನ್ನತೊಡಗಿತು. ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಹೊಟ್ಟೆ ಹಿಂಡಿ, ಕೈ ನಡುಗಿ, ಉಗ್ರಾಣಕ್ಕೆ ಹೋಗಿ ಬೆಲ್ಲದ ಡಬ್ಬಿಗಳ ನಡುವೆ ಚಾಪೆ ಮೇಲೆ ಮಲಗಿಬಿಟ್ಟೆ. ಡಂಪಿಂಗ್ ಅನ್ನುತ್ತಾರೆ ಇದಕ್ಕೆ. ಸಿಹಿ ತಡೆಯಿಲ್ಲದೆ ಸೀದಾ ಕರುಳಿಗೆ ಬಿದ್ದು, ದೇಹದ ನೀರನ್ನೆಲ್ಲಾ ಅಲ್ಲಿಗೆ ಎಳೆಯುತ್ತದೆ. ಮೊಣಕೈ ಸುಟ್ಟುಕೊಂಡಿದ್ದ ಅದೇ ಹುಡುಗ ಪಕ್ಕದಲ್ಲಿ ಕೂತು ಬೀಸಣಿಗೆ ಬೀಸಿದ. ಒಂದು ಗಂಟೆ ಮಲಗಿದ್ದೆ. ಅಂದಿನಿಂದ ಯಾರೇ ಒತ್ತಾಯ ಮಾಡಿದರೂ ಕೈ ಮುಗಿದು ಎಲೆಗೆ ಅಡ್ಡ ಹಿಡಿಯುತ್ತೇನೆ. ನಮ್ಮ ಕಡೆ ಪ್ರೀತಿ ಅಂದರೆ ಬಡಿಸುವುದೇ. ಬೇಡ ಎಂದರೆ ಅವರಿಗೆ ನೋವಾಗುತ್ತದೆ, ಅದು ನನಗೆ ಗೊತ್ತು. ನಾನೂ ಎಷ್ಟೋ ಜನಕ್ಕೆ ಹಾಗೆ ಬಡಿಸಿದವನೇ. ಈಗ ನನ್ನ ಪಂಕ್ತಿಯಲ್ಲಿ ಯಾರಾದರೂ ಸಾಕು ಎಂದರೆ ನನ್ನ ಹುಡುಗರು ಎರಡನೇ ಸಲ ಕೇಳುವುದಿಲ್ಲ. ಹಾಗೆ ಹೇಳಿಟ್ಟಿದ್ದೇನೆ.

ಒಂದೂವರೆ ವರ್ಷಕ್ಕೆ 78 ಕಿಲೋಗೆ ಬಂದೆ. ಮೂರು ತಿಂಗಳ ಸರಾಸರಿ ಶುಗರ್ (HbA1c) 9.6 ಇದ್ದದ್ದು ಈಗ 6ರ ಆಸುಪಾಸು. ಮತ್ತೆ ನಿದ್ದೆಯ ಪರೀಕ್ಷೆ ಮಾಡಿಸಿ, ರಾತ್ರಿ ಉಸಿರಿಗೆ ನೆರವಾಗುವ ಮೆಷಿನ್ ಬೇಡ ಎಂದರು. ಹೆಂಡತಿ ರಾತ್ರಿ ಪೂರ್ತಿ ಮಲಗುತ್ತಾಳೆ. ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ, ಏಳುವಾಗ ಯಾರೂ ಕೈ ಕೊಡಬೇಕಿಲ್ಲ. ಹೊಟ್ಟೆಯ ಚರ್ಮ ಜೋತುಬಿದ್ದಿದೆ, ಸೆಕೆಗಾಲದಲ್ಲಿ ಮಡಿಕೆಯಲ್ಲಿ ಬೆವರುಸಾಲೆ ಏಳುತ್ತದೆ. ಮೊದಲ ವರ್ಷ ಊರಲ್ಲಿ ಎಲ್ಲರೂ ಏನು ಕಾಯಿಲೆ ಎಂದು ಪಿಸುಪಿಸು ಕೇಳಿದರು. ನಾನು ಮುಚ್ಚಿಡಲಿಲ್ಲ, ಕೇಳಿದವರಿಗೆಲ್ಲಾ ಹೇಳಿದೆ. ಅಮ್ಮನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಇನ್ನೊಂದು ತುತ್ತು ತಿನ್ನೋ ಮಾಣಿ" ಎಂದು ದಿನಾ ಕೇಳುತ್ತಾಳೆ.

ಹೋದ ವರ್ಷ ನಾಲ್ಕು ಕಿಲೋ ವಾಪಸ್ ಬಂತು. ಹಸಿವು ಸ್ವಲ್ಪ ಸ್ವಲ್ಪ ಮರಳಿದೆ. ಆದರೆ ಕಾರಣ ಊಟವಲ್ಲ. ಸಾಮಾನು ಗಾಡಿಯಲ್ಲಿ ಕೂತು ಚಕ್ಕುಲಿ, ಹುರಿದ ಅವಲಕ್ಕಿ ಒಂದೊಂದೇ ಬಾಯಿಗೆ ಹಾಕುವ ಅಭ್ಯಾಸ ಬಂದಿತ್ತು. ಗರಿಗರಿ ತಿಂಡಿ ಚೀಲದಲ್ಲಿ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ. ಡಯಟಿಷಿಯನ್ ಹತ್ತಿರ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. ಮತ್ತೆ ಬರೆದಿಡುವುದು ಶುರುಮಾಡಿದ್ದೇನೆ. ಸಾಮಾನಿನ ಪಟ್ಟಿ ಬರೆಯುವ ಪುಸ್ತಕದ ಹಿಂದಿನಿಂದ ನನ್ನ ಊಟದ ಲೆಕ್ಕ.

ನಾಳೆ ಹೊಸನಗರದ ಹತ್ತಿರ ಮದುವೆ, ಆರುನೂರು ಜನ. ಅರವತ್ತು ಕಿಲೋ ಅಕ್ಕಿ, ಹದಿನೆಂಟು ಕಿಲೋ ತೊಗರಿಬೇಳೆ ಗಾಡಿಗೆ ಏರಿದೆ. ನನ್ನ ಡಬ್ಬಿಯೂ ಕಟ್ಟಿಯಾಗಿದೆ: ಬೇಯಿಸಿದ ಹೆಸರುಕಾಳು ಆರು ಚಮಚ, ಪನೀರ್ ಕಲಸಿದ ಮೊಸರು ಒಂದು ಬಟ್ಟಲು. ಬೆಳಿಗ್ಗೆ ಏಳಕ್ಕೆ ಮೊಬೈಲಿನಲ್ಲಿ ಅಲಾರಾಂ ಇಟ್ಟಿದ್ದೇನೆ. ಅದು ಹೊಡೆದಾಗ ಒಲೆಯನ್ನು ಹುಡುಗನಿಗೆ ಕೊಟ್ಟು, ಕೂತು, ತಿನ್ನುತ್ತೇನೆ.