ಬುತ್ತಿ ತಿಂದಿದ್ದಕ್ಕೆ ಕಟಕಟೆ: ಕ್ರೋನೋ ಟ್ರಿಗರ್ ಆಡಿದ ನನ್ನ ಅನುಭವ

ಕ್ರೋನೋ ಟ್ರಿಗರ್ ಒಂದು ವಿಡಿಯೋ ಗೇಮ್, ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಓಡಾಡುವ ಕಥೆ. ಅದರಲ್ಲಿ ನಾನು ಮಾಡಿದ ಮೊದಲ ಕೆಲಸ ಕಳ್ಳತನ. ಆಟ ಶುರುವಾಗುವುದು ಒಂದು ಜಾತ್ರೆಯಲ್ಲಿ. ಅಲ್ಲಿ ಯಾರದೋ ಬುತ್ತಿ ಇತ್ತು. ಇಂಥ ಆಟಗಳಲ್ಲಿ ಕಣ್ಣಿಗೆ ಬಿದ್ದಿದ್ದನ್ನೆಲ್ಲ ಬಾಚಿಕೊಳ್ಳುವುದು ರೂಢಿ, ಅಲ್ವಾ? ಗುಂಡಿ ಒತ್ತಿದೆ, ತಿಂದೆ, ಮರೆತೂಬಿಟ್ಟೆ.

ಎಷ್ಟೋ ಹೊತ್ತಿನ ಮೇಲೆ ನಮ್ಮ ಹೀರೋನನ್ನು ಕೋರ್ಟಿಗೆ ಎಳೆದು ತಂದರು. ರಾಜಕುಮಾರಿಯನ್ನು ಹಾರಿಸಿಕೊಂಡು ಹೋದ ಆರೋಪ. ಸಾಕ್ಷಿ ಹೇಳಲು ಬಂದವನು ಯಾರು ಅಂತೀರಿ? ಆ ಬುತ್ತಿಯ ಮುದುಕ! ಅಷ್ಟೇ ಅಲ್ಲ. ಜಾತ್ರೆಯಲ್ಲಿ ಆ ರಾಜಕುಮಾರಿಗೆ ಡಿಕ್ಕಿ ಹೊಡೆದಾಗ ಮೊದಲು ಅವಳನ್ನು ಮಾತಾಡಿಸಿದೆಯಾ, ಇಲ್ಲಾ ಬಿದ್ದ ಪದಕದ ಕಡೆ ಓಡಿದೆಯಾ ಅನ್ನುವುದೂ ಅಲ್ಲಿ ಲೆಕ್ಕಕ್ಕೆ ಬಂತು. ನಾನು ಪದಕದ ಕಡೆ ಓಡಿದ್ದೆ. ಏಳು ಜನ ಜ್ಯೂರಿ ಒಬ್ಬೊಬ್ಬರಾಗಿ ಬಂದು ತಪ್ಪಿತಸ್ಥರ ಸಾಲಿನಲ್ಲಿ ನಿಲ್ಲುತ್ತಿದ್ದರೆ ನನಗೆ ನಿಜವಾಗಿ ಮುಖ ಬಿಸಿಯಾಯಿತು. ಗೆದ್ದರೂ ಸೋತರೂ ಜೈಲು ತಪ್ಪುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೂ ಅವತ್ತಿನಿಂದ ನಾನು ಈ ಆಟ ಆಡುವ ರೀತಿಯೇ ಬದಲಾಯಿತು.

ಇದು 1995ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸೂಪರ್ ಫ್ಯಾಮಿಕಾಮ್‌ಗೆ ಬಂದ ಆಟ. ಮಾಡಿದ್ದು ಸ್ಕ್ವೇರ್ ಕಂಪನಿ. ಫೈನಲ್ ಫ್ಯಾಂಟಸಿ ಆಟಗಳ ಹಿರೊನೊಬು ಸಾಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಆಟಗಳ ಯೂಜಿ ಹೊರಿಯಿ, ಡ್ರ್ಯಾಗನ್ ಬಾಲ್ ಕಾಮಿಕ್ಸ್ ಚಿತ್ರಿಸಿದ ಅಕಿರಾ ತೊರಿಯಾಮ ಮೂವರೂ ಒಟ್ಟಿಗೆ ಸೇರಿದ್ದರು. ಅಷ್ಟೂ ಕಥೆ ಕೂತಿದ್ದು 32 ಮೆಗಾಬಿಟ್ ಕಾರ್ಟ್ರಿಜ್‌ನಲ್ಲಿ, ಅಂದರೆ ಬರೀ 4 ಎಂಬಿ. ಇವತ್ತು ಫೋನಲ್ಲಿ ತೆಗೆದ ಒಂದು ಫೋಟೋನೇ ಎಷ್ಟೋ ಸಲ ಅದಕ್ಕಿಂತ ದೊಡ್ಡದಿರುತ್ತದೆ. ನಾನು ಮೊದಲು ಆಡಿದ್ದು 2008ರಲ್ಲಿ ಬಂದ ನಿಂಟೆಂಡೊ ಡಿಎಸ್ (ಕೈಯಲ್ಲಿ ಹಿಡಿದು ಆಡುವ ಯಂತ್ರ) ಆವೃತ್ತಿ. ಆಮೇಲೆ ಕಂಪ್ಯೂಟರಿನಲ್ಲೂ ಆಡಿದೆ.

ಕಾಳಗದಲ್ಲಿ ಮೊದಮೊದಲು ತುಂಬಾ ಒದೆ ತಿಂದೆ. ನಾವು ಮೆನುವಿನಲ್ಲಿ ಹುಡುಕುತ್ತಿರುವಾಗಲೂ ಶತ್ರು ಸುಮ್ನೆ ಕಾಯುವುದಿಲ್ಲ, ಬಂದು ಬಾರಿಸುತ್ತಾನೆ. ನಾಚಿಕೆ ಬಿಟ್ಟು ಸೆಟ್ಟಿಂಗ್‌ನಲ್ಲಿ 'ವೇಟ್' ಹಾಕಿಕೊಂಡೆ. ಆಗ ಮಂತ್ರವನ್ನೋ ವಸ್ತುವನ್ನೋ ಆರಿಸುವಷ್ಟು ಹೊತ್ತು ಕಾಲ ನಿಲ್ಲುತ್ತದೆ. ಆಮೇಲೆ ಕಲಿತದ್ದು ಜಾಗದ ಲೆಕ್ಕ. ಶತ್ರುಗಳು ಓಡಾಡುತ್ತಾ ಇರುತ್ತಾರೆ. ಕೆಲವು ಹೊಡೆತ ಸಾಲಾಗಿ ಬೀಳುತ್ತವೆ, ಕೆಲವು ಸುತ್ತಲೂ. ಇಬ್ಬರು ಗುಂಪಾಗುವವರೆಗೆ ಒಂದು ಕ್ಷಣ ಕಾದು ಹೊಡೆದರೆ ಒಂದೇ ಏಟಿಗೆ ಎರಡು. ನನಗೆ ಜಾಸ್ತಿ ಇಷ್ಟವಾದದ್ದು ಕಪ್ಪೆ ವೀರ ಫ್ರಾಗ್‌ನ ಒಂದು ವಿದ್ಯೆ. ಅವನ ಪ್ರಾಣ ಎಷ್ಟು ಕಡಿಮೆ ಇರುತ್ತದೋ ಅಷ್ಟು ಜೋರಾಗಿ ಒಂದು ದೈತ್ಯ ಕಪ್ಪೆ ಶತ್ರುವಿನ ಮೇಲೆ ಧೊಪ್ಪೆಂದು ಬೀಳುತ್ತದೆ. ಅದಕ್ಕೋಸ್ಕರ ಅವನಿಗೆ ಬೇಕಂತಲೇ ಮದ್ದು ಕೊಡದೆ ಇಟ್ಟಿದ್ದೂ ಉಂಟು. ಪಾಪ.

ಕಾಳಗ ಹೀಗೆ ಕೈಗೆ ಹತ್ತಿತು. ಆದರೆ ಬುತ್ತಿಯ ಪಾಠ ಇನ್ನೂ ಪೂರ್ತಿ ತಲೆಗೆ ಹೋಗಿರಲಿಲ್ಲ. ಕ್ರಿ.ಶ. 1000ರ ಪೋರೆ ಊರಿನಲ್ಲಿ ಒಣಮಾಂಸ 9,900 ಚಿನ್ನಕ್ಕೆ ಸಿಗುತ್ತದೆ. ಅದನ್ನು ಕ್ರಿ.ಶ. 600ರ ಕಾಲಕ್ಕೆ ಒಯ್ದರೆ ಅದೇ ಊರಿನ ಹೆಂಗಸೊಬ್ಬಳು 10,000ಕ್ಕೆ ಕೇಳುತ್ತಾಳೆ. ನೂರು ಲಾಭ ಅಂತ ಮಾರಿಬಿಟ್ಟೆ. ಮತ್ತೆ 1000ಕ್ಕೆ ಬಂದರೆ ಅಲ್ಲಿನ ಮೇಯರ್ ಜಿಪುಣಾಗ್ರೇಸರ. ನನಗೆ ಬೇಕಾದ ಕಲ್ಲನ್ನು ಹಿಡಿದುಕೊಂಡು ಕೂತಿದ್ದ. ಆಟವನ್ನು ಎರಡನೇ ಸಲ ಆಡುವಾಗ ಆ ಹೆಂಗಸಿಗೆ ಪುಕ್ಕಟೆ ಕೊಟ್ಟೆ. ಅವಳು ಮಕ್ಕಳಿಗೆ ಕೈಬಿಚ್ಚಿ ಕೊಡುವುದನ್ನು ಕಲಿಸಿದಳಂತೆ! ನಾನೂರು ವರ್ಷದ ಮೇಲೆ ಅದೇ ವಂಶದ ಮೇಯರ್ ಕಲ್ಲನ್ನು ಸುಮ್ನೆ ಕೈಗಿಟ್ಟ.

ಅಷ್ಟು ಹೊತ್ತಿಗೆ ನಾನು ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ಕಾಲದಲ್ಲಿ ಯಾರು ಏನು ಹೇಳಿದರು, ಯಾವ ಪೆಟ್ಟಿಗೆಗೆ ಬೀಗ ಇತ್ತು, ಎಲ್ಲ ಅದರಲ್ಲಿ. ಪೆಟ್ಟಿಗೆ ಅಂದಾಗ ನೆನಪಾಯಿತು. ಪದಕಕ್ಕೆ ಶಕ್ತಿ ಬಂದಮೇಲೆ 600ರಲ್ಲಿ ಕೆಲವು ಮುಚ್ಚಿದ ಪೆಟ್ಟಿಗೆಗಳನ್ನು ಮುಟ್ಟಿದರೆ ಒಳಗಿನದನ್ನು ತೆಗೆಯಲಾ ಅಂತ ಕೇಳುತ್ತದೆ. ಬೇಡ ಅನ್ನಬೇಕು. 1000ಕ್ಕೆ ಹೋಗಿ ತೆಗೆದರೆ ಅದೇ ವಸ್ತು ಇನ್ನೂ ಬಲವಾಗಿರುತ್ತದೆ. ಆಮೇಲೆ ವಾಪಸ್ಸು ಬಂದು 600ರದ್ದನ್ನೂ ತೆಗೆದುಕೊಳ್ಳಬಹುದು! ಮೊದಲ ಸಲ ಆಸೆಬುರುಕನಾಗಿ ಎಲ್ಲವನ್ನೂ ಆಗಲೇ ಖಾಲಿ ಮಾಡಿದ್ದೆ.

ನನ್ನನ್ನು ಕಾಡಿದ್ದು ಮಾತ್ರ ಇದ್ಯಾವುದೂ ಅಲ್ಲ. ಯಂತ್ರಮನುಷ್ಯ ರೋಬೊನನ್ನು 600ರ ಮರಳುಗಾಡಿನಲ್ಲಿ ಕಾಡು ಬೆಳೆಸಲು ಬಿಟ್ಟು ಹೋಗುತ್ತೇವೆ. ನಮಗೆ ಅದು ಕೆಲವೇ ನಿಮಿಷ, ಅವನಿಗೆ ನಾನೂರು ವರ್ಷ. 1000ರಲ್ಲಿ ಅವನು ತುಕ್ಕು ಹಿಡಿದು ಸಿಗುತ್ತಾನೆ, ಸುತ್ತ ಹಸಿರು. ಆ ರಾತ್ರಿ ಎಲ್ಲರೂ ಬೆಂಕಿಯ ಸುತ್ತ ಕೂತು ಮಾತಾಡುತ್ತಾರೆ. ಉಳಿದವರು ಮಲಗಿದ ಮೇಲೆ ನಮ್ಮ ಗುಂಪಿನ ಹುಡುಗಿ ಲೂಕಾ ಒಬ್ಬಳೇ ತನ್ನ ಬಾಲ್ಯದ ಒಂದು ದಿನಕ್ಕೆ ಹೋಗಿ ಬೀಳುತ್ತಾಳೆ. ಅವಳ ಅಮ್ಮನ ಬಟ್ಟೆ ಯಂತ್ರಕ್ಕೆ ಸಿಕ್ಕಿಹಾಕಿಕೊಂಡಿದೆ. ನಿಲ್ಲಿಸಲು ಸಂಕೇತ ಒತ್ತಬೇಕು. ಅದು ಅಮ್ಮನ ಹೆಸರೇ, ಎಲ್-ಎ-ಆರ್-ಎ, ಕೈಯಲ್ಲಿರುವ ಗುಂಡಿಗಳೇ ಅಕ್ಷರ. ಸುಳಿವು ಮನೆಯಲ್ಲೇ ಇತ್ತು, ನಾನು ನೋಡಿರಲಿಲ್ಲ. ಗಾಬರಿಯಲ್ಲಿ ಏನೇನೋ ಒತ್ತಿದೆ. ಅಮ್ಮನ ಕಾಲು ಹೋಯಿತು. ಆಟ ಬೈಯಲಿಲ್ಲ, 'ಸೋತೆ' ಅಂತಲೂ ಬರಲಿಲ್ಲ, ಕಥೆ ಹಾಗೇ ಮುಂದೆ ಹೋಯಿತು. ಮುಂದಿನ ಸುತ್ತಿನಲ್ಲಿ ನೋಟ್‌ಬುಕ್ ತೆರೆದು ಪಕ್ಕದಲ್ಲಿಟ್ಟುಕೊಂಡೇ ಆಡಿದೆ. ಅಮ್ಮ ಉಳಿದಳು.

ಹೀಗೆ ಮತ್ತೆ ಆಡಲು ಇವರು ದಾರಿಯನ್ನೂ ಇಟ್ಟಿದ್ದಾರೆ, ನ್ಯೂ ಗೇಮ್ ಪ್ಲಸ್. ಗಳಿಸಿದ ಬಲ, ಆಯುಧ ಎಲ್ಲ ಹೊತ್ತುಕೊಂಡು ಮೊದಲಿಂದ ಶುರು. ಕೊನೆಯ ಶತ್ರು ಲಾವೋಸ್‌ನನ್ನು ಯಾವಾಗ ಸೋಲಿಸುತ್ತೀರಿ ಅನ್ನುವುದರ ಮೇಲೆ ಮುಕ್ತಾಯ ಬದಲಾಗುತ್ತದೆ, ಅಂಥವು ಹತ್ತಕ್ಕೂ ಜಾಸ್ತಿ ಇವೆ. ಎಲ್ಲವನ್ನೂ ನೋಡಲೇಬೇಕು ಅನ್ನುವ ಹಟ ನನಗಿಲ್ಲ. ಕೆಲವು ಬರೀ ತಮಾಷೆಗೆ ಮಾಡಿದಂತಿವೆ.

ಒಂದನ್ನು ಮಾತ್ರ ನೋಡಬೇಕು ಅಂತ ಬಹಳ ದಿನದಿಂದ ಇದೆ. ಫ್ರಾಗ್‌ನನ್ನು ಕಪ್ಪೆ ಮಾಡಿದ ಮಾಂತ್ರಿಕ ಮೇಗಸ್ ಒಂದು ಕಡಲ ತುದಿಯಲ್ಲಿ ಒಬ್ಬನೇ ನಿಂತಿರುತ್ತಾನೆ. ಹೋರಾಡುತ್ತೀಯಾ ಅಂತ ಆಟ ಕೇಳುತ್ತದೆ. ಬೇಡ ಅಂದರೆ ಅವನು ನಮ್ಮ ಜೊತೆ ಸೇರುತ್ತಾನೆ. ಕೊಂದರೆ ಕೊನೆಯಲ್ಲಿ ಫ್ರಾಗ್ ಮತ್ತೆ ಮನುಷ್ಯನಾಗುತ್ತಾನೆ. ಮೇಗಸ್‌ನ ಕಥೆ ಅಷ್ಟೊತ್ತಿಗೆ ನಮಗೆ ಗೊತ್ತಿರುತ್ತದೆ, ಅದೇ ತೊಂದರೆ. ಈ ಸಲ ಗಟ್ಟಿ ಮನಸ್ಸು ಮಾಡಿ, ಆಯುಧ ಎಲ್ಲ ಸರಿ ಮಾಡಿಕೊಂಡು, ಸೇವ್ ಕೂಡ ಮಾಡಿ ಅಲ್ಲಿಗೆ ಹೋದೆ. ಪ್ರಶ್ನೆ ಬಂತು. ಮತ್ತೆ 'ಬೇಡ' ಒತ್ತಿದೆ.