ತೂಕ ಇಳಿಸುವ ಆಪರೇಷನ್: ಬಡಿಸುವವರಿಗೂ ನಾಲ್ಕು ಮಾತು

ಆಪರೇಷನ್‌ಗೆ ದಿನ ಗೊತ್ತಾಯಿತು ಅನ್ನಿ. ಮನೆಯಲ್ಲಿ ತಕ್ಷಣ ಒಂದು ಮಾತು ಶುರುವಾಗುತ್ತದೆ. "ಇನ್ನು ಮುಂದೆ ಇದನ್ನೆಲ್ಲ ತಿನ್ನೋಕಾಗಲ್ಲ, ಈಗಲೇ ತಿಂದುಬಿಡು." ಸಿಹಿ ಬರುತ್ತದೆ, ಕರಿದದ್ದು ಬರುತ್ತದೆ, ನೆಂಟರು ಊಟಕ್ಕೆ ಕರೆಯುತ್ತಾರೆ. ಎಲ್ಲ ಪ್ರೀತಿಯಿಂದಲೇ, ಇಲ್ಲ ಅನ್ನುವುದಿಲ್ಲ. ಆದರೆ ಆಪರೇಷನ್‌ಗೆ ಮುಂಚಿನ ಎರಡು ವಾರ ಔತಣ ಮಾಡುವ ಕಾಲವೇ ಅಲ್ಲ. ಅದು ಪಥ್ಯದ ಕಾಲ.

ಆ ಪಥ್ಯ ಲಿವರ್‌ಗೋಸ್ಕರ. ಲಿವರ್‌ನ ಎಡಭಾಗ ಜಠರದ ಮೇಲೆ ಚಾಚಿಕೊಂಡಿರುತ್ತದೆ. ತೂಕ ಜಾಸ್ತಿ ಇರುವವರಲ್ಲಿ ಅದಕ್ಕೂ ಕೊಬ್ಬು ತುಂಬಿ ದಪ್ಪಗಾಗಿರುವುದು ಸಾಮಾನ್ಯ. ಸರ್ಜನ್ ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ, ಕ್ಯಾಮೆರಾ ನೋಡಿಕೊಂಡು ಕೆಲಸ ಮಾಡುತ್ತಾರೆ. ಮೊದಲು ಲಿವರನ್ನು ಎತ್ತಿ ಹಿಡಿದರೆ ತಾನೇ ಕೆಳಗಿನ ಜಠರ ಕಾಣುವುದು? ಅನ್ನ, ಬ್ರೆಡ್ಡು, ಸಕ್ಕರೆ, ಜಿಡ್ಡು ಕಡಿಮೆ ಮಾಡಿದಾಗ ಲಿವರ್ ತಾನು ಕೂಡಿಟ್ಟ ಗ್ಲೈಕೋಜನ್ ಅನ್ನುವ ಸಕ್ಕರೆ ದಾಸ್ತಾನನ್ನು ಖರ್ಚು ಮಾಡುತ್ತದೆ. ಅದರ ಜೊತೆಗಿದ್ದ ನೀರೂ ಹೋಗುತ್ತದೆ, ಸ್ವಲ್ಪ ಕೊಬ್ಬೂ ಕರಗುತ್ತದೆ. ಎರಡೇ ವಾರದಲ್ಲಿ ಗಾತ್ರ ಇಳಿಯುತ್ತದೆ. ಸಾಮಾನ್ಯವಾಗಿ ದಿನಕ್ಕೆ 800ರಿಂದ 1,000 ಕ್ಯಾಲೊರಿಯ ಊಟ ಹೇಳುತ್ತಾರೆ. ಕೆಲವರಿಗೆ ಬರೀ ಹಾಲು, ಮೊಸರು ಅಥವಾ ಪ್ರೋಟೀನ್ ಶೇಕ್. ಮೊದಲ ಮೂರ್ನಾಲ್ಕು ದಿನ ತಲೆನೋವು, ಸುಸ್ತು, ಸಿಡುಕು ಇರಬಹುದು. ಆ ಸಿಡುಕನ್ನು ಮನೆಯವರು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಸಕ್ಕರೆ ಕಾಯಿಲೆ ಇದ್ದವರು ಪಥ್ಯ ಶುರುಮಾಡುವ ಮೊದಲೇ ಡಾಕ್ಟರನ್ನು ಕೇಳಬೇಕು. ಊಟ ಅರ್ಧಕ್ಕಿಳಿದು ಇನ್ಸುಲಿನ್ ಮೊದಲಿನಷ್ಟೇ ಇದ್ದರೆ ಸಕ್ಕರೆ ಕುಸಿದು ತಲೆ ಸುತ್ತಿ ಬೀಳುತ್ತಾರೆ. ಬಿಪಿ ಮಾತ್ರೆಯ ಬಗ್ಗೆಯೂ ಕೇಳಿಕೊಳ್ಳಿ.

ಇದೇ ಎರಡು ವಾರದಲ್ಲಿ ಇನ್ನೊಂದು ಅಭ್ಯಾಸ ಮಾಡಿಸಿ. ಚಿಕ್ಕ ತಟ್ಟೆ, ಚಿಕ್ಕ ಚಮಚ. ಒಂದೊಂದು ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯುವುದು. ಊಟದ ಮಧ್ಯೆ ನೀರು ಕುಡಿಯದೇ ಇರುವುದು. ಕೇಳುವುದಕ್ಕೆ ಸುಲಭ. ಜೀವಮಾನವಿಡೀ ಗಬಗಬ ತಿಂದವರಿಗೆ ಇದೇ ದೊಡ್ಡ ಕಷ್ಟ. ಆಪರೇಷನ್ ಆದಮೇಲೆ ಕಲಿಯುತ್ತೇನೆ ಅಂದರೆ ನೋವಿನಲ್ಲಿ ಕಲಿಯಬೇಕಾಗುತ್ತದೆ.

ಆಮೇಲಿನ ಹೊಟ್ಟೆ ಎಷ್ಟು ಚಿಕ್ಕದು ಅಂತ ಮನೆಯವರಿಗೆ ಅಂದಾಜೇ ಇರುವುದಿಲ್ಲ. ಸ್ಲೀವ್ ಅನ್ನುವ ಆಪರೇಷನ್‌ನಲ್ಲಿ ಜಠರದ ಶೇಕಡಾ 75ರಿಂದ 80 ಭಾಗ ತೆಗೆದುಬಿಡುತ್ತಾರೆ. ಬೈಪಾಸ್ ಅನ್ನುವ ಇನ್ನೊಂದು ಬಗೆಯಲ್ಲಿ ಜಠರದ ಮೇಲ್ತುದಿಯನ್ನು ಚಿಕ್ಕ ಚೀಲ ಮಾಡಿ ನೇರ ಕರುಳಿಗೆ ಜೋಡಿಸುತ್ತಾರೆ. ಆ ಚೀಲ ಸುಮಾರು 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚದಷ್ಟು. ಒಳಗೆ ಹೊಲಿಗೆ ಇನ್ನೂ ಹಸಿ. ಅದಕ್ಕೇ ಊಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತಾರೆ. ಮೊದಲ ಒಂದೆರಡು ದಿನ ನೀರು, ತಿಳಿ ಸೂಪು. ಎರಡು ವಾರದವರೆಗೆ ಹಾಲು, ಶೇಕ್, ಸೋಸಿದ ಸೂಪು. ಆಮೇಲೆ ಸುಮಾರು ಎರಡು ವಾರ ನುಣ್ಣಗೆ ರುಬ್ಬಿದ್ದು. ನಂತರ ಮೆತ್ತಗಿನ ಊಟ. ಆರರಿಂದ ಎಂಟು ವಾರ ಆದಮೇಲೆ ನಿಧಾನಕ್ಕೆ ಎಲ್ಲರಂತೆ. ನಿಮ್ಮ ಡಾಕ್ಟರ್ ಹೇಳುವ ದಿನಗಳು ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ಅವರ ಲೆಕ್ಕವೇ ನಡೆಯಲಿ. "ಇವತ್ತು ಚೆನ್ನಾಗಿದ್ದಾನೆ, ಒಂದು ತುಂಡು ಕೊಡೋಣ" ಅಂತ ಮೆಟ್ಟಿಲು ಹಾರಿಸಬೇಡಿ.

ಈಗ ಅಡುಗೆಮನೆಯ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟು ಚಿಕ್ಕ ಜಾಗದಲ್ಲಿ ಮೊದಲು ಏನು ಹೋಗಬೇಕು? ಪ್ರೋಟೀನ್. ದಿನಕ್ಕೆ 60ರಿಂದ 80 ಗ್ರಾಂ ಬೇಕು. ಅದು ಸಿಗದಿದ್ದರೆ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ತೂಕ ಇಳಿಯಿತು ಅಂತ ಖುಷಿಪಡುತ್ತೀರಿ, ಇಳಿದದ್ದು ಬಲ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಅಷ್ಟೇ. ಹಾಗಾಗಿ ಒಂದೆರಡು ಹೊತ್ತಿನಲ್ಲಿ ಲೆಕ್ಕ ಮುಗಿಯುವುದಿಲ್ಲ. ದಿನಕ್ಕೆ ಐದಾರು ಸಲ, ಪ್ರತಿ ಸಲವೂ ಪ್ರೋಟೀನ್ ಇರಬೇಕು. ನೀರು ಬಸಿದ ಗಟ್ಟಿ ಮೊಸರು, ಮೆತ್ತಗೆ ಬೇಯಿಸಿದ ಮೊಟ್ಟೆ, ಮೀನು, ಪನೀರು, ತೋಫು, ಚೆನ್ನಾಗಿ ಬೆಂದ ಬೇಳೆ. ಕೋಳಿ ಮಾಂಸ ಒಣಗಿದ್ದರೆ ಗಂಟಲಿನಿಂದ ಇಳಿಯುವುದೇ ಇಲ್ಲ. ಸಾರಿನಲ್ಲೇ ಬೇಯಿಸಿ, ಸಣ್ಣಗೆ ಬಿಡಿಸಿ ಕೊಡಿ. ಸಸ್ಯಾಹಾರಿಗಳಿಗೆ ಬೇಳೆಯೊಂದರಿಂದಲೇ ಲೆಕ್ಕ ತುಂಬಿಸುವುದು ಕಷ್ಟ, ಹೊಟ್ಟೆಯಲ್ಲಿ ಅಷ್ಟು ಜಾಗವಿಲ್ಲ. ಮೊದಲ ತಿಂಗಳುಗಳಲ್ಲಿ ಪ್ರೋಟೀನ್ ಪುಡಿ ಬೇಕೇ ಆಗುತ್ತದೆ. ಹಾಲಿಗೋ ಸೂಪಿಗೋ ಬೆರೆಸಿ, ಕುದಿಯುವಾಗ ಹಾಕಬೇಡಿ, ಗಂಟಾಗುತ್ತದೆ. ಕೆಲವರಿಗೆ ಆಪರೇಷನ್ ಆದಮೇಲೆ ಹಾಲು ಒಗ್ಗುವುದಿಲ್ಲ. ಹೊಟ್ಟೆ ಉಬ್ಬರಿಸಿದರೆ ಲ್ಯಾಕ್ಟೋಸ್ ಇಲ್ಲದ ಹಾಲು ಅಥವಾ ಸೋಯಾ ಹಾಲು ಕೊಟ್ಟು ನೋಡಿ.

ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಮೆತ್ತಗಿನ ಬ್ರೆಡ್ಡು ಮೇಲೆ ಹಗುರ ಅನಿಸಿದರೂ ಒಳಗೆ ಹಿಟ್ಟಿನ ಉಂಡೆಯಂತೆ ಕೂತುಬಿಡುತ್ತದೆ. ಅದನ್ನು ಕೊನೆಗೆ ಇಡಿ. ಊಟಕ್ಕೆ 20ರಿಂದ 30 ನಿಮಿಷ ಹಿಡಿಯಲಿ. ಎದೆಯ ಕೆಳಗೆ ಸ್ವಲ್ಪ ಬಿಗಿ ಅನಿಸಿತು, ಬಿಕ್ಕಳಿಕೆ ಬಂತು, ಮೂಗು ಸೋರಿತು ಅಂದರೆ ಸಾಕು ಅಂತಲೇ ಅರ್ಥ. ಇನ್ನೊಂದು ತುತ್ತು ಹೋದರೆ ವಾಂತಿ. ಇಲ್ಲೇ ಬಡಿಸುವವರು ಕೆಡಿಸುವುದು. "ಇಷ್ಟೇನಾ? ಇನ್ನೊಂದು ಚೂರು" ಅನ್ನುವುದು ನಮ್ಮ ಬಾಯಿಗೆ ಅಂಟಿಕೊಂಡ ಮಾತು. ಅದನ್ನು ನುಂಗಿಕೊಳ್ಳಿ. ತಟ್ಟೆಯಲ್ಲಿ ಉಳಿದದ್ದನ್ನು ಮಾತಾಡದೆ ಎತ್ತಿಡಿ. ಮಕ್ಕಳಿಗೆ ಹೇಳುವ ಹಾಗೆ "ಚೆಲ್ಲಬಾರದು" ಅಂತ ಇವರಿಗೆ ಹೇಳಬಾರದು.

ನೀರಿನದು ಬೇರೆಯೇ ಕಥೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು, ಆದರೆ ಒಂದೇ ಸಲಕ್ಕೆ ಲೋಟ ಎತ್ತುವಂತಿಲ್ಲ. ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡು ದಿನವಿಡೀ ಗುಟುಕು ಗುಟುಕಾಗಿ. ಊಟ ಆದಮೇಲೆ ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸೋಡಾ, ಗ್ಯಾಸ್ ತುಂಬಿದ ತಂಪು ಪಾನೀಯ ಬೇಡ. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರುವುದಕ್ಕೆ ನೀರು ಸಾಲದೇ ಹೋಗುವುದೂ ಒಂದು ದೊಡ್ಡ ಕಾರಣ. ಮೂತ್ರದ ಬಣ್ಣ ಗಾಢವಾದರೆ ಗಮನಿಸಿ.

ಸಿಹಿ ತಿಂದರೆ ಏನಾಗುತ್ತದೆ ಅಂತ ಕೇಳುತ್ತಾರೆ. ಬೈಪಾಸ್ ಆದವರಲ್ಲಿ ಸಕ್ಕರೆ ಸರಕ್ಕನೆ ಕರುಳಿಗೆ ಇಳಿಯುತ್ತದೆ. ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ. ಕೆಲವರಿಗೆ ಒಂದರಿಂದ ಮೂರು ಗಂಟೆ ಕಳೆದ ಮೇಲೆ ರಕ್ತದ ಸಕ್ಕರೆ ಇಳಿದು ನಡುಕ ಬರುತ್ತದೆ. ಹಣ್ಣಿನ ರಸವೂ ಸಿಹಿಯೇ, ಅದನ್ನು ಮರೆಯಬೇಡಿ. ಡಂಪಿಂಗ್ ಆಗದವರಿಗೆ ಬೇರೆ ಅಪಾಯ ಇದೆ. ಐಸ್‌ಕ್ರೀಮು, ಚಿಪ್ಸು, ಬಿಸ್ಕತ್ತು ಬಾಯಲ್ಲೇ ಕರಗಿ ಜಾರಿ ಇಳಿಯುತ್ತವೆ, ಹೊಟ್ಟೆ ತುಂಬಿತು ಅನ್ನುವುದೇ ಇಲ್ಲ. ಒಂದೆರಡು ವರ್ಷದ ನಂತರ ತೂಕ ತಿರುಗಿ ಬರುವುದಕ್ಕೆ ಹೀಗೆ ದಿನವಿಡೀ ಮೆಲ್ಲುವುದೂ ಒಂದು ದಾರಿ. ಇವನ್ನು ಮನೆಗೆ ತರಲೇಬೇಡಿ. ಒಬ್ಬರಿಗೋಸ್ಕರ ಎಲ್ಲರೂ ಬಿಡಬೇಕಾ ಅಂದರೆ, ಹೌದು, ಸ್ವಲ್ಪ ದಿನವಾದರೂ ಬಿಡಿ.

ಮದ್ಯ ಬೇಗ ತಲೆಗೇರುತ್ತದೆ, ಚಟವೂ ಬೇಗ ಹತ್ತುತ್ತದೆ. ದೂರ ಇರುವುದೇ ಕ್ಷೇಮ. ಬೈಪಾಸ್ ಆದವರು ಬೀಡಿ ಸಿಗರೇಟು ಮುಟ್ಟಬಾರದು, ಮೈಕೈ ನೋವಿಗೆ ಐಬುಪ್ರೊಫೇನ್ ತರಹದ ಮಾತ್ರೆಯನ್ನೂ ಕೇಳದೆ ನುಂಗಬಾರದು. ಹೊಟ್ಟೆಯೊಳಗೆ ಹುಣ್ಣಾಗುತ್ತದೆ.

ವಾಂತಿ ಒಂದೆರಡು ಸಲ ಆದರೆ ಅವಸರದ ಊಟ ಕಾರಣ ಇರಬಹುದು. ದಿನಗಟ್ಟಲೆ ನಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಮೈಯಲ್ಲಿ ಬಿ1 ವಿಟಮಿನ್ ಬೇಗ ಖಾಲಿಯಾಗುತ್ತದೆ, ನರಕ್ಕೂ ಮಿದುಳಿಗೂ ಪೆಟ್ಟು ಬೀಳುತ್ತದೆ. ಮೊದಲ ವಾರಗಳಲ್ಲಿ ಜ್ವರ, ಎದೆಬಡಿತ ಜೋರು, ಹೊಟ್ಟೆಯಲ್ಲೋ ಭುಜದಲ್ಲೋ ಬಿಡದ ನೋವು ಕಂಡರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಒಳಗಿನ ಹೊಲಿಗೆ ಸೋರುತ್ತಿರಬಹುದು.

ಮೂರರಿಂದ ಆರು ತಿಂಗಳ ನಡುವೆ ಹಲವರಿಗೆ ಕೂದಲು ಉದುರುತ್ತದೆ. ಗಾಬರಿ ಬೇಡ, ಹೆಚ್ಚಿನವರಿಗೆ ಮತ್ತೆ ಬರುತ್ತದೆ. ಎಣ್ಣೆ ಬದಲಿಸುವುದಕ್ಕಿಂತ ಪ್ರೋಟೀನ್, ಕಬ್ಬಿಣದ ಲೆಕ್ಕ ನೋಡಿ.

ಮಾತ್ರೆಗಳಂತೂ ಜೀವನಪೂರ್ತಿ. ಮಲ್ಟಿವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ನಡುವೆ ಎರಡು ಗಂಟೆಯಾದರೂ ಬಿಡಿ. ಕ್ಯಾಲ್ಸಿಯಂ ಸಿಟ್ರೇಟ್ ರೂಪದ್ದು ಒಳ್ಳೆಯದು, ಅದನ್ನೂ ದಿನಕ್ಕೆ ಎರಡು ಮೂರು ಸಲಕ್ಕೆ ಹಂಚಿ. ಹೆಣ್ಣುಮಕ್ಕಳು ಆಪರೇಷನ್ ಆದ 12ರಿಂದ 18 ತಿಂಗಳು ಗರ್ಭ ಧರಿಸದಿರುವುದು ಒಳ್ಳೆಯದು ಅನ್ನುತ್ತಾರೆ ಡಾಕ್ಟರು. ತೂಕ ಇಳಿದ ಹಾಗೆ ಮುಟ್ಟು ಸರಿಹೋಗಿ ಗರ್ಭ ಬೇಗ ನಿಲ್ಲುವುದೂ ಉಂಟು, ಆದ್ದರಿಂದ ಎಚ್ಚರ ಮೊದಲೇ ಬೇಕು. ಐದು ವರ್ಷವಾಯಿತು, ಚೆನ್ನಾಗಿದ್ದೇನೆ ಅಂತ ಮಾತ್ರೆ ಬಿಟ್ಟವರಿಗೆ ಸುಸ್ತು, ಜೋಮು, ಮೂಳೆ ನೋವು ನಿಧಾನಕ್ಕೆ ಬರುತ್ತದೆ. ವಯಸ್ಸಾಯಿತು ಅಂದುಕೊಂಡು ಸುಮ್ನೆ ಇರುತ್ತಾರೆ. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿದರೆ ಅದು ಮೊದಲೇ ಗೊತ್ತಾಗುತ್ತದೆ.