ಹಿಂಡಿನ ಮೀನು ಆರಿಸುವಾಗ ಬಣ್ಣವನ್ನು ಕೊನೆಗೆ ನೋಡಿದೆ

ಮನೆಗೆ ಅಕ್ವೇರಿಯಂ ತಂದರೆ ನೋಡಿದವರೆಲ್ಲ ಮೊದಲು ಕೇಳುವುದು "ಯಾವ ಬಣ್ಣದ ಮೀನು ಬಿಡ್ತೀರಿ?" ಅಂತ. ನಾನು ಮೊದಲು ನೋಡಿದ್ದು ನಲ್ಲಿಯ ನೀರನ್ನು. ಬಣ್ಣದ ವಿಷಯ ಬಂದಿದ್ದು ಕೊನೆಗೆ. ಹಿಂಡಾಗಿ ಈಜುವ ಮೀನುಗಳ ಮಟ್ಟಿಗೆ ಇದೇ ಸರಿಯಾದ ದಾರಿ ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ನೀರು ಒಗ್ಗದ ಮೀನು ಎಷ್ಟೇ ಚೆಂದದ್ದಾದರೂ ತೊಟ್ಟಿಗೆ ಬಂದ ಮೇಲೆ ಬಿಳುಚಿಕೊಳ್ಳುತ್ತದೆ.

ಬೆಂಗಳೂರಿನ ನಮ್ಮ ಮನೆಗೆ ಕಾವೇರಿ ನೀರೂ ಬರುತ್ತದೆ, ಬೋರ್‌ವೆಲ್ ನೀರೂ ಬರುತ್ತದೆ. ಎರಡೂ ಒಂದೇ ಸಂಪಿಗೆ ಬೀಳುತ್ತವೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಕಾವೇರಿ ನೀರು 200 ಪಿಪಿಎಂ ಆಸುಪಾಸು, ಬೋರ್‌ವೆಲ್ ನೀರು 700ರ ಮೇಲೆ. ಮೀನುಗಳಿಗೆ ಹೆಚ್ಚು ಕಷ್ಟವಾಗುವುದು ಈ ಏರಿಳಿತ. ಒಂದು ವಾರ ಮೆದು ನೀರು, ಮುಂದಿನ ವಾರ ಗಡಸು ನೀರು ಹಾಕಿದರೆ ಟೆಟ್ರಾದಂಥ ಸಣ್ಣ ಮೀನು ತಡೆಯುವುದಿಲ್ಲ. ಅದಕ್ಕೇ ಸಂಪಿಗೆ ಹೋಗುವ ಮೊದಲೇ ಕಾವೇರಿ ಪೈಪಿನಿಂದ ನೀರು ಹಿಡಿಯಲು ಒಂದು ಡ್ರಮ್ ಇಟ್ಟೆ. ಅದರಲ್ಲಿ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ದ್ರಾವಣ ಬೆರೆಸಿಟ್ಟ ನೀರು ಮಾತ್ರ ತೊಟ್ಟಿಗೆ. ಇಷ್ಟು ಮಾಡಿದ್ದರಿಂದ ದಕ್ಷಿಣ ಅಮೆರಿಕದ ಟೆಟ್ರಾಗಳನ್ನು ಯೋಚಿಸುವ ಧೈರ್ಯ ಬಂತು.

ತೊಟ್ಟಿ 36 ಇಂಚು ಉದ್ದ, 15 ಇಂಚು ಅಗಲ, 18 ಇಂಚು ಎತ್ತರ. ಲೆಕ್ಕಕ್ಕೆ 159 ಲೀಟರ್. ಮರಳು, ಕಟ್ಟಿಗೆ, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ಸುಮಾರು 130 ಲೀಟರ್ ನೀರು. ಅಂಗಡಿಗಳಲ್ಲಿ ಎತ್ತರದ, ದುಂಡನೆಯ, ಆರು ಮೂಲೆಯ ತೊಟ್ಟಿಗಳು ನೋಡಲು ಚೆಂದ. ಆದರೆ ಹಿಂಡಿನ ಮೀನು ಈಜುವುದು ಅಡ್ಡಕ್ಕೆ, ಅದಕ್ಕೆ ಬೇಕಾಗಿದ್ದು ಉದ್ದ. ಮೀನು ತರುವ ಮೊದಲು ಒಂದು ತಿಂಗಳಿಗೂ ಜಾಸ್ತಿ ಫಿಲ್ಟರ್ ಓಡಿಸಿದೆ. ಮೀನಿನ ಕಸದಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ಅಷ್ಟೊಂದು ಹಾನಿ ಮಾಡದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯಾಗಲು ಅಷ್ಟು ಸಮಯ ಬೇಕು. ಈ ಕಾಯುವಿಕೆಯಲ್ಲೇ ಮೀನಿನ ಬಗ್ಗೆ ಓದಿಕೊಳ್ಳಲು ಬಿಡುವು ಸಿಗುತ್ತದೆ.

"ಎಲ್ಲದರಲ್ಲೂ ಎರಡೆರಡು ತಗೊಳ್ಳಿ ಸಾರ್, ತೊಟ್ಟಿ ತುಂಬ ಕಲರ್ ಇರುತ್ತೆ." ಈ ಮಾತು ಕೇಳದ ಅಂಗಡಿ ಇಲ್ಲ. ಎರಡು ನಿಯಾನ್, ಎರಡು ಟೈಗರ್ ಬಾರ್ಬ್, ಎರಡು ಏಂಜೆಲ್, ಎರಡು ಗೋಲ್ಡ್ ಫಿಶ್. ಹೀಗೆ ತಂದರೆ ಒಂದು ಹಿಂಡೂ ಆಗುವುದಿಲ್ಲ. ಟೆಟ್ರಾ, ಬಾರ್ಬ್, ರಾಸ್ಬೋರಾ, ಡ್ಯಾನಿಯೋ ಎಲ್ಲ ತಮ್ಮದೇ ಜಾತಿಯ ಜೊತೆಯಲ್ಲಿ ಮಾತ್ರ ನಿರಾಳ. ಒಂಟಿಯಾದರೆ ಗಿಡದ ಹಿಂದೆ ಅಡಗುತ್ತವೆ, ಬಣ್ಣ ಮಂಕಾಗುತ್ತದೆ. ಕೆಲವು ಬೇರೆ ಮೀನಿನ ರೆಕ್ಕೆ ಕಚ್ಚಲು ಶುರುಮಾಡುತ್ತವೆ. ಕಡಿಮೆ ಅಂದರೆ ಆರು ಅಂತ ಹೇಳುತ್ತಾರೆ. ನನ್ನ ಪ್ರಕಾರ ಆರು ಸಾಲುವುದಿಲ್ಲ, ಹತ್ತು ದಾಟಿದ ಮೇಲೆಯೇ ನಿಜವಾದ ಹಿಂಡು ಕಾಣುವುದು. ಹಾಗಾಗಿ ಎರಡೇ ಜಾತಿ, ಎರಡೂ ದೊಡ್ಡ ಗುಂಪು ಅಂತ ತೀರ್ಮಾನ ಮಾಡಿದೆ.

ಒಟ್ಟಿಗೆ ಇರುವುದು ಬೇರೆ, ಒಟ್ಟಿಗೆ ತಿರುಗುವುದು ಬೇರೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ನಿಂತು ಪುರಿ ಹಾಕಿದವರಿಗೆ ಇದು ಗೊತ್ತು. ಪುರಿ ಬಿದ್ದಾಗ ಮೀನು ಒಂದರ ಮೇಲೊಂದು ಬಿದ್ದು ಮುಗಿಬೀಳುತ್ತವೆ. ಅದು ಗುಂಪು. ಹೊಳೆಯ ಸೆಳೆತಕ್ಕೆ ಎದುರಾಗಿ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಾಗ ಅದು ಹಿಂಡು. ಮೀನು ಪಕ್ಕದ ಮೀನನ್ನು ಕಣ್ಣಿನಿಂದಲೂ ನೋಡುತ್ತದೆ, ಮೈಯ ಎರಡೂ ಪಕ್ಕದಲ್ಲಿ ಬಾಲದವರೆಗೆ ಸಾಗುವ ಒಂದು ಸೂಕ್ಷ್ಮ ಗೆರೆಯಿಂದ ನೀರಿನ ಅಲುಗಾಟವನ್ನೂ ಗ್ರಹಿಸುತ್ತದೆ. ತಿನ್ನಲು ಬಂದ ದೊಡ್ಡ ಮೀನಿಗೆ ಇಂಥ ಹಿಂಡಿನಲ್ಲಿ ಒಂದನ್ನು ಗುರಿ ಇಡುವುದು ಕಷ್ಟ. ತೊಟ್ಟಿಯ ಮೀನು ಆರಿಸುವಾಗ ಈ ವ್ಯತ್ಯಾಸ ಬಹಳ ಮುಖ್ಯ. ಕೆಲವು ಜಾತಿ ಹೆದರಿದಾಗ ಮಾತ್ರ ಒಟ್ಟಾಗುತ್ತವೆ, ನಿರಾಳವಾದರೆ ಚೆದುರುತ್ತವೆ. ಕೆಲವು ಯಾವಾಗಲೂ ಜೊತೆ ಬಿಡುವುದಿಲ್ಲ.

ನಿಯಾನ್ ಟೆಟ್ರಾ ಮೊದಲನೇ ಗುಂಪಿಗೆ ಸೇರಿದ್ದು. ಎಲ್ಲರ ಹಾಗೆ ನಾನೂ ಅದನ್ನು ಯೋಚಿಸಿದೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 1936ರಲ್ಲಿ, ಅದರ ದಾಯಾದಿ ಕಾರ್ಡಿನಲ್ ಟೆಟ್ರಾಕ್ಕೆ 1956ರಲ್ಲಿ. ಎರಡನ್ನೂ ಗುರುತಿಸುವುದು ಸುಲಭ. ನಿಯಾನ್‌ನ ಕೆಂಪು ಪಟ್ಟಿ ಮೈಯ ಹಿಂದಿನ ಅರ್ಧಕ್ಕೆ ಮಾತ್ರ, ಕಾರ್ಡಿನಲ್‌ಗೆ ತಲೆಯಿಂದ ಬಾಲದವರೆಗೂ. ಕಾರ್ಡಿನಲ್‌ಗೆ ನೀರು ಸ್ವಲ್ಪ ಬೆಚ್ಚಗಿರಬೇಕು. ಅಂಗಡಿಗೆ ಬರುವ ನಿಯಾನ್ ಬಹುಪಾಲು ಫಾರಂನಲ್ಲಿ ಹುಟ್ಟಿದ್ದು, ಕಾರ್ಡಿನಲ್ ಬ್ರೆಜಿಲ್‌ನ ರಿಯೊ ನೀಗ್ರೊ ನದಿಯಿಂದಲೂ ಬರುತ್ತದೆ. ಇವುಗಳ ನೀಲಿ ಪಟ್ಟಿ ಬಣ್ಣದ ಪುಡಿಯಿಂದ ಬಂದದ್ದಲ್ಲ, ಚರ್ಮದೊಳಗಿನ ಸಣ್ಣ ಹರಳುಗಳ ಪದರದ ಮೇಲೆ ಬೆಳಕು ಬಿದ್ದು ಹುಟ್ಟುವ ಹೊಳಪು. ರಾತ್ರಿ ಲೈಟ್ ಆರಿಸಿದರೆ ಅದು ಮಾಸುತ್ತದೆ. ಬೆಳಿಗ್ಗೆ ಬಿಳುಚಿದ ನಿಯಾನ್ ಕಂಡು ಗಾಬರಿಯಾಗಬೇಡಿ, ಸ್ವಲ್ಪ ಹೊತ್ತಿಗೆ ಬಣ್ಣ ಮರಳುತ್ತದೆ. ಹಗಲಿಡೀ ಬಣ್ಣ ಬರದೆ, ಮೈಮೇಲೆ ಬಿಳಿ ಮಚ್ಚೆ ಹರಡಿದರೆ ಮಾತ್ರ ಚಿಂತೆಯ ವಿಷಯ. ನಿಯಾನ್ ಕಾಯಿಲೆ ಅಂತಲೇ ಒಂದಿದೆ, ಅದಕ್ಕೆ ಮದ್ದಿಲ್ಲ.

ನನಗೆ ಬೇಕಿದ್ದು ಜೊತೆ ಬಿಡದ ಮೀನು. ಅದು ಸಿಕ್ಕಿದ್ದು ರಮ್ಮಿ ನೋಸ್ ಟೆಟ್ರಾದಲ್ಲಿ. ಪ್ಲಾಸ್ಟಿಕ್ ಕವರಿನಲ್ಲಿ ನೋಡಿದರೆ ಯಾರೂ ಇದನ್ನು ಬಣ್ಣದ ಮೀನು ಅನ್ನುವುದಿಲ್ಲ. ಬೆಳ್ಳಿ ಮೈ, ಕೆಂಪು ಮೂತಿ, ಬಾಲದಲ್ಲಿ ಕಪ್ಪು ಬಿಳಿ ಪಟ್ಟೆ, ಅಷ್ಟೇ. ಆದರೆ 18 ಮೀನು ಒಟ್ಟಿಗೆ ಈಜಲು ಶುರುಮಾಡಿದಾಗ ಆ ಮೂತಿಗಳೆಲ್ಲ ಸೇರಿ ತೊಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕೆಂಪು ಗೆರೆ ಎಳೆದಂತೆ ಸಾಗುತ್ತವೆ. ತಿರುಗಿದ ಕೂಡಲೇ ಬಾಲದ ಪಟ್ಟೆಗಳು ಒಟ್ಟಿಗೆ ಮಿನುಗುತ್ತವೆ. ಒಂದೇ ಮೀನಿನಲ್ಲಿ ಇಲ್ಲದ ಬಣ್ಣ ಹಿಂಡಿನಲ್ಲಿದೆ. ಮನೆಯಲ್ಲಿ ಮೂರು ಅಡಿ ತೊಟ್ಟಿ ಇರುವ, ಮೆದು ನೀರು ಸಿಗುವ ಯಾರಿಗೇ ಆದರೂ ನಾನು ಮೊದಲು ಹೇಳುವ ಹೆಸರು ಇದೇ.

ಇನ್ನೊಂದು ಉಪಕಾರವೂ ಇದರಿಂದ ಇದೆ. ನೀರು ಕೆಟ್ಟರೆ, ತಣ್ಣಗಾದರೆ, ಮೀನಿಗೆ ಹೆದರಿಕೆಯಾದರೆ ಮೂತಿಯ ಕೆಂಪು ಮಾಸುತ್ತದೆ. ದಿನಾ ಬೆಳಿಗ್ಗೆ ಕಾಫಿ ಕುಡಿಯುತ್ತ ನಾನು ಮೂತಿ ನೋಡುತ್ತೇನೆ. ಎಲ್ಲವೂ ಕಡುಕೆಂಪಾಗಿದ್ದರೆ ತೊಟ್ಟಿ ಚೆನ್ನಾಗಿದೆ. ಮಾಸಿದ್ದರೆ ಮೊದಲು ಥರ್ಮಾಮೀಟರ್, ಆಮೇಲೆ ಅಮೋನಿಯಾ ಟೆಸ್ಟ್. ಇದು ತಂಡಿ ತಡೆಯುವ ಮೀನಲ್ಲ, 24ರಿಂದ 27 ಡಿಗ್ರಿ ಬೇಕು. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿಗಳಲ್ಲಿ ಹೀಟರ್ ಇಲ್ಲದೆ ಆಗುವುದಿಲ್ಲ. ಹೀಟರ್ ಕಟ್ಟಿಸಿಕೊಳ್ಳಲು ಇಷ್ಟವಿಲ್ಲದವರು ಈ ಮೀನನ್ನು ಬಿಟ್ಟು ಬೇರೆ ನೋಡುವುದು ಒಳ್ಳೆಯದು.

ಎರಡನೆಯ ಜಾತಿ ಚೆರ್ರಿ ಬಾರ್ಬ್, ಶ್ರೀಲಂಕಾದ ಮೀನು. ರಮ್ಮಿ ನೋಸ್ ತೊಟ್ಟಿಯ ನಡುವಿನ ಬಯಲಲ್ಲಿ ಓಡಾಡುತ್ತದೆ, ಚೆರ್ರಿ ಬಾರ್ಬ್ ಕೆಳಗೆ ಗಿಡಗಳ ನಡುವೆ ಸುಳಿಯುತ್ತದೆ. ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ. ಬಾರ್ಬ್ ಜಾತಿಯಲ್ಲಿ ಇದು ಬಹಳ ಸಾಧು. ಗಂಡು ಮೀನು ಹಣ್ಣಾದ ಚೆರ್ರಿಯಷ್ಟೇ ಕೆಂಪು, ಹೆಣ್ಣು ಕಂದು. ಕೆಂಪು ಜಾಸ್ತಿ ಬೇಕು ಅಂತ ಬರೀ ಗಂಡು ತಂದರೆ ಅಟ್ಟಾಡಿಸಿಕೊಂಡು ಸುಸ್ತಾಗುತ್ತವೆ. ನಾನು ಒಂದು ಗಂಡಿಗೆ ಎರಡು ಹೆಣ್ಣಿನ ಲೆಕ್ಕದಲ್ಲಿ ತಂದೆ. ಹೆಣ್ಣುಗಳ ಮುಂದೆ ಮೆರೆಯಲು ಗಂಡುಗಳು ತಾವಾಗೇ ಬಣ್ಣ ಏರಿಸಿಕೊಳ್ಳುತ್ತವೆ.

ಬೇಡ ಅಂದ ಮೀನುಗಳ ಪಟ್ಟಿ ಉದ್ದವಾಯಿತು. ಟೈಗರ್ ಬಾರ್ಬ್ ಮತ್ತು ಸರ್ಪೇ ಟೆಟ್ರಾ ಇಬ್ಬರೂ ಕಚ್ಚುವವರು. ಉದ್ದ ರೆಕ್ಕೆಯ ಗಪ್ಪಿ, ಏಂಜೆಲ್, ಬೆಟ್ಟಾ ಇರುವ ತೊಟ್ಟಿಗೆ ಸರಿ ಹೊಂದುವುದಿಲ್ಲ. ಏಂಜೆಲ್ ಕೂಡ ಬೇಡ ಅಂದೆ. ಮರಿಯಾಗಿದ್ದಾಗ ಮುದ್ದಾಗಿರುತ್ತದೆ, ಬೆಳೆದ ಮೇಲೆ ಬಾಯಿಗೆ ಹಿಡಿಯುವ ಟೆಟ್ರಾ ಅದಕ್ಕೆ ಊಟ. ಗುಲಾಬಿ, ನೀಲಿ, ಹಸಿರು ಬಣ್ಣದ ವಿಡೋ ಟೆಟ್ರಾಗಳಂತೂ ನನ್ನ ಮನಸ್ಸಿಗೆ ಒಗ್ಗಲೇ ಇಲ್ಲ. ವಿಡೋ ಟೆಟ್ರಾದ ಸಹಜ ಬಣ್ಣ ಬೆಳ್ಳಿ, ಕಪ್ಪು. ಕೆಲವಕ್ಕೆ ಸೂಜಿಯಿಂದಲೋ ದ್ರಾವಣದಲ್ಲಿ ಅದ್ದಿಯೋ ಬಣ್ಣ ಕೊಟ್ಟಿರುತ್ತಾರೆ, ಅದು ತಿಂಗಳುಗಳಲ್ಲಿ ಮಾಸುತ್ತದೆ. ಆ ಹಿಂಸೆಗೆ ದುಡ್ಡು ಕೊಡಬಾರದು. ನೀವು ಕೊಳ್ಳದಿದ್ದರೆ ಅಂಗಡಿಯವರು ತರಿಸುವುದಿಲ್ಲ.

ಮಿಸ್ ಕೇರಳದ ವಿಷಯ ಬೇರೆ. ಕೆಂಪು, ಕಪ್ಪು ಎರಡು ಗೆರೆ ಎಳೆದ ಈ ಮೀನು ಕೇರಳ, ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಹುಟ್ಟುವುದಿಲ್ಲ. 1865ರಲ್ಲಿ ಮೀನುಗಳ ವಿಜ್ಞಾನಿ ಫ್ರಾನ್ಸಿಸ್ ಡೇ ಇದಕ್ಕೆ ಹೆಸರಿಟ್ಟ. 2013ರಲ್ಲಿ ಇದರ ಕುಲಕ್ಕೆ ಸಹ್ಯಾದ್ರಿಯ ಹೆಸರೇ ಬಂತು. ಅಕ್ವೇರಿಯಂ ಮಾರುಕಟ್ಟೆಗಾಗಿ ಹೊಳೆಯಿಂದ ಮಿತಿಮೀರಿ ಹಿಡಿದದ್ದೂ ಇದರ ಸಂಖ್ಯೆ ಇಳಿಯಲು ಒಂದು ಕಾರಣ, ಜಾಗತಿಕ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಅಳಿವಿನ ಅಪಾಯದಲ್ಲಿದೆ. ಅದೂ ಅಲ್ಲದೆ ಅರ್ಧ ಅಡಿಯ ಹತ್ತಿರ ಬೆಳೆಯುತ್ತದೆ, ರಭಸದ ನೀರು ಬಯಸುತ್ತದೆ, ಮೂರು ಅಡಿ ಅದಕ್ಕೆ ಸೆರೆಮನೆ. ನಮ್ಮ ಮಣ್ಣಿನ ಇಷ್ಟು ಚೆಂದದ ಮೀನು ಹೊಳೆಯಲ್ಲೇ ಇರಲಿ ಅನ್ನುವುದು ನನ್ನ ಆಸೆ. ಘಟ್ಟದ ಕಡೆ ಹೋದಾಗ ಬಲೆ ಹಿಡಿದು ಹಳ್ಳಕ್ಕಿಳಿಯುವ ಹುಡುಗರಿಗೂ ಇದನ್ನೇ ಹೇಳುತ್ತೇನೆ.

ಮೀನು ತಂದಿದ್ದು ಶಿವಾಜಿನಗರದ ರಸೆಲ್ ಮಾರ್ಕೆಟ್ ಕಡೆಯಿಂದ. ಅಂಗಡಿಯಲ್ಲಿ ನಾನು ಒಂದು ಮೀನನ್ನು ನೋಡುವುದಿಲ್ಲ, ಇಡೀ ತೊಟ್ಟಿಯನ್ನು ನೋಡುತ್ತೇನೆ. ಒಂದರ ಮೈಮೇಲೆ ರವೆ ಉದುರಿದಂಥ ಬಿಳಿ ಚುಕ್ಕೆ ಇದ್ದರೆ ಆ ತೊಟ್ಟಿಯ ಯಾವ ಮೀನೂ ಬೇಡ. ರೆಕ್ಕೆ ಮುದುರಿಕೊಂಡಿದ್ದರೆ, ಹೊಟ್ಟೆ ಒಳಗೆ ಹೋಗಿದ್ದರೆ, ಮೇಲೆ ಬಂದು ಬಾಯಿ ಕಳೆಯುತ್ತಿದ್ದರೆ ಬೇಡ. "ಸ್ವಲ್ಪ ಫುಡ್ ಹಾಕಿ ಅಣ್ಣಾ" ಅಂತ ಕೇಳಿ, ತಿನ್ನುವುದನ್ನು ನೋಡಿಯೇ ಕೊಳ್ಳುತ್ತೇನೆ. ಅಂಗಡಿಯಲ್ಲಿ ರಮ್ಮಿ ನೋಸ್‌ನ ಮೂತಿ ಬಿಳುಚಿದ್ದರೆ ಅದು ಪ್ರಯಾಣದ ಸುಸ್ತೂ ಇರಬಹುದು. ಅಂಥದ್ದನ್ನು ಒಂದು ವಾರ ಅಲ್ಲೇ ಬಿಟ್ಟು ಮತ್ತೆ ಹೋಗಿ ನೋಡುವುದು ಮೇಲು. ಹಿಂಡನ್ನು ಒಂದೇ ಸಲ, ಒಂದೇ ತೊಟ್ಟಿಯಿಂದ ತಂದೆ. ಮೂರು ವಾರ ಬೇರೆ ಸಣ್ಣ ತೊಟ್ಟಿಯಲ್ಲಿಟ್ಟು, ಕಾಯಿಲೆ ಇಲ್ಲ ಅಂತ ಖಾತ್ರಿಯಾದ ಮೇಲೆ ದೊಡ್ಡದಕ್ಕೆ ಬಿಟ್ಟೆ.

ಬಣ್ಣ ಮೇಲೇಳಲು ಎರಡು ಸಂಗತಿ ಕೆಲಸ ಮಾಡಿದವು. ಒಂದು ನೆಲ. ಬಿಳಿ ಅಥವಾ ನೀಲಿ ಕಲ್ಲು ಹಾಸಿದರೆ ಮೀನು ಅದಕ್ಕೆ ತಕ್ಕಂತೆ ಮಸುಕಾಗುತ್ತದೆ. ನಾನು ಕಪ್ಪು ಮರಳು, ಒಂದು ಒಣ ಕಟ್ಟಿಗೆ, ಜಾವಾ ಫರ್ನ್ ಗಿಡ ಇಟ್ಟೆ. ಇನ್ನೊಂದು ಊಟ. ಕೆಂಪು, ಹಳದಿ ಬಣ್ಣದ ಬಹುಪಾಲು ಅಂಶ ಮೀನಿಗೆ ತಿನ್ನುವ ಆಹಾರದಿಂದಲೇ ಬರಬೇಕು, ಮೈಯಲ್ಲಿ ತಯಾರಾಗುವುದಿಲ್ಲ. ಪುಡಿ ಮಾಡಿದ ಒಳ್ಳೆಯ ಫ್ಲೇಕ್ಸ್ ಜೊತೆಗೆ ವಾರಕ್ಕೆರಡು ಸಲ ಆರ್ಟೀಮಿಯಾ ಅನ್ನುವ ಪುಟ್ಟ ಸಿಗಡಿಯಂಥ ಜೀವಿಯ ಮರಿ ಕೊಡುತ್ತೇನೆ. ಚೆರ್ರಿ ಬಾರ್ಬ್ ಗಂಡುಗಳ ಕೆಂಪು ಇದರಿಂದಲೇ ಗಾಢವಾಗಿದ್ದು.

ಇದನ್ನೆಲ್ಲ ನೋಡಿದ ಕೋಲಾರದ ಅಕ್ಕ, "ನಮ್ಮನೇಲೂ ಇವೇ ಮೀನು ಬಿಟ್ಕೊಡು ಕಣೋ" ಅಂದಳು. ಅವಳ ಮನೆಗೆ ಬರುವುದು ಪೂರ್ತಿ ಬೋರ್‌ವೆಲ್ ನೀರು, ಪಾತ್ರೆಗೆಲ್ಲ ಬಿಳಿ ಉಪ್ಪು ಕಟ್ಟುವಷ್ಟು ಗಡಸು. ಆರ್‌ಒ ನೀರು ಬೆರೆಸಿ ರಮ್ಮಿ ನೋಸ್ ಸಾಕಬಹುದಿತ್ತು, ಆದರೆ ಪ್ರತಿ ವಾರ ಅಷ್ಟು ನೀರು ಹೊಂದಿಸುವುದು ಅವಳಿಗೆ ಹೊರೆ. "ನೀರು ಬದಲಾಯಿಸೋದು ಬೇಡಕ್ಕ, ಮೀನು ಬದಲಾಯಿಸೋಣ" ಅಂದೆ. ಅವಳ ತೊಟ್ಟಿಗೆ ರೋಸಿ ಬಾರ್ಬ್ ಮತ್ತು ಜೀಬ್ರಾ ಡ್ಯಾನಿಯೋ ಆರಿಸಿದೆವು. ಎರಡೂ ಭಾರತದ ಮೀನುಗಳೇ, 1822ರಲ್ಲಿ ಫ್ರಾನ್ಸಿಸ್ ಹ್ಯಾಮಿಲ್ಟನ್ ಅನ್ನುವ ವಿಜ್ಞಾನಿ ವಿವರಿಸಿದವು. ಎರಡೂ ಗಡಸು ನೀರನ್ನು, ಚಳಿಯನ್ನು ತಡೆಯುತ್ತವೆ. ಹೀಟರ್ ಬೇಕಾಗಲಿಲ್ಲ. ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್‌ನಂಥ ಪ್ರಯೋಗಾಲಯಗಳಲ್ಲಿ ವಿಜ್ಞಾನಿಗಳು ಸಾಕುವುದೂ ಇದೇ ಜೀಬ್ರಾ ಮೀನು ಅಂತ ಹೇಳಿದಾಗ ಅಕ್ಕನ ಮಗಳಿಗೆ ಅದರ ಮೇಲೆ ಅಭಿಮಾನ ಹೆಚ್ಚಾಯಿತು.

ರೋಸಿ ಬಾರ್ಬ್ ಗಂಡುಗಳು ಒಂದನ್ನೊಂದು ನೋಡಿ ಗುಲಾಬಿ ಕೆಂಪಾಗುತ್ತವೆ. ಡ್ಯಾನಿಯೋಗಳು ಮೇಲ್ಮಟ್ಟದಲ್ಲಿ ಬಾಣದ ಹಾಗೆ ಓಡುತ್ತವೆ. ಅವು ಹಾರುತ್ತವೆ, ಮುಚ್ಚಳ ಕಡ್ಡಾಯ. ರೋಸಿ ಬಾರ್ಬ್ ಎಳೆ ಗಿಡ ಮೇಯುತ್ತದೆ, ಆದ್ದರಿಂದ ಗಟ್ಟಿ ಎಲೆಯ ಗಿಡಗಳನ್ನೇ ಹಾಕಿದೆವು. ನಾಲ್ಕು ಅಡಿ ತೊಟ್ಟಿ ಇದ್ದಿದ್ದರೆ ಬೋಸೆಮನಿ ರೇನ್‌ಬೋ ಬಿಡಿಸುತ್ತಿದ್ದೆ. ಮುಂದರ್ಧ ನೀಲಿ, ಹಿಂದರ್ಧ ಕಿತ್ತಳೆ, ಗಡಸು ನೀರೇ ಅದಕ್ಕೆ ಇಷ್ಟ. ಬೋರ್‌ವೆಲ್ ಮನೆಯವರು ಟೆಟ್ರಾ ಇಲ್ಲ ಅಂತ ಬೇಸರ ಪಡಬೇಕಾಗಿಲ್ಲ, ಅವರಿಗೂ ಬಣ್ಣಕ್ಕೆ ಬರವಿಲ್ಲ.

ಈಗ ಅಕ್ಕನ ತೊಟ್ಟಿಯಲ್ಲಿ ರೋಸಿ ಬಾರ್ಬ್ ಮೊಟ್ಟೆಯಿಟ್ಟು, ಮರಿಗಳಾಗಿ ಗುಂಪು ಜಾಸ್ತಿಯಾಗಿದೆ. "ಕೆರೆಗೆ ಬಿಟ್ಟು ಬರ್ಲಾ?" ಅಂತ ಕೇಳಿದಳು. ಬೇಡ ಅಂದೆ. ಹೀಗೆ ಬಿಟ್ಟ ಸಕ್ಕರ್ ಮೀನು ನಮ್ಮ ಎಷ್ಟೋ ಕೆರೆಗಳಲ್ಲಿ ಬೇರೂರಿ ಊರಿನ ಮೀನಿಗೆ ಜಾಗ ಇಲ್ಲದಂತೆ ಮಾಡಿದೆ. ಹೆಚ್ಚಿನ ಮರಿಗಳನ್ನು ಅವಳ ಊರಿನ ಅಂಗಡಿಯವರು ತೆಗೆದುಕೊಂಡು, ಬದಲಿಗೆ ಮೀನಿನ ಆಹಾರ ಕೊಡುತ್ತಿದ್ದಾರೆ.